ಪಾಲಿಶ್‌ನವನ ಮೂಗು

ಹಾಲು ಸೀದದ್ದೇ ಎಲ್ಲದಕ್ಕೂ ಮೂಲ.

ಬೆಳಿಗ್ಗೆ ಏಳಕ್ಕೆ ಪಾಲಿಶ್‌ನವನು ಒಲೆಯ ಮೇಲೆ ಹಾಲಿಟ್ಟು, ಒಲೆಗೆ ಬೆನ್ನು ಹಾಕಿ ನಿಂತು ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಹಳೆಯ ಮೇಜು, ಕುರ್ಚಿ, ಬೀರುಗಳಿಗೆ ಹೊಳಪು ಕೊಡುವ ಕೆಲಸದವನಿಗೆ ಇಸ್ತ್ರಿ ಮಾಡಿದ ಅಂಗಿಯ ಭಾಗ್ಯ ದಿನಾ ಎಲ್ಲಿಂದ ಬರಬೇಕು? ಇವತ್ತಿನ ಮಾತೇ ಬೇರೆ. ಹೆಂಡತಿಗೆ ಎಂಟನೇ ತಿಂಗಳು, ಹನ್ನೊಂದು ಗಂಟೆಗೆ ಸ್ಕ್ಯಾನಿಂಗ್. ಹಿಂದಿನ ಮೂರು ಸಲವೂ ಕೆಲಸದ ಗಡಿಬಿಡಿಯಲ್ಲಿ ಹೋಗಲಾಗಿರಲಿಲ್ಲ. "ಈ ಸಲ ಮಗುವಿನ ಎದೆಬಡಿತ ನಾನೂ ಕೇಳ್ಬೇಕು ಕಣೇ, ಏನೇ ಆದ್ರೂ ಬರ್ತೀನಿ" ಎಂದು ವಾರದಿಂದ ಹೇಳಿಕೊಂಡು ಬಂದಿದ್ದ. ಹೆಂಡತಿ ಒಲೆಯಿಂದ ಒಂದು ಮೊಳ ದೂರದಲ್ಲಿ ಸ್ಟೂಲಿನ ಮೇಲೆ ಕೂತು, ತಲೆ ತಗ್ಗಿಸಿ ಕ್ಲಿನಿಕ್ಕಿನ ಕಾಗದಗಳನ್ನು ಫೈಲಿಗೆ ಸೇರಿಸುತ್ತಿದ್ದಳು.

ಒಳಕೋಣೆಯಿಂದ ಅತ್ತೆ ಓಡಿ ಬಂದರು. "ಅಯ್ಯೋ ಅಳಿಯಂದ್ರೇ, ಹಾಲು ತಳ ಹಿಡಿದು ಮನೆಯೆಲ್ಲಾ ಕಮರು ವಾಸನೆ! ನಿಮಗೆ ಗೊತ್ತಾಗ್ಲಿಲ್ವಾ?"

"ಇಲ್ವಲ್ಲ ಅತ್ತೆ" ಎಂದ ಪಾಲಿಶ್‌ನವನು. ಆ ಎರಡು ಪದಗಳನ್ನು ನುಂಗಿಕೊಂಡಿದ್ದರೆ ಅವನ ದಿನ ಬಚಾವಾಗುತ್ತಿತ್ತು.

ಅತ್ತೆ ಗಂಟಲು ಕೆರೆದುಕೊಂಡರು. ವಾರದ ಹಿಂದೆ ಬಾಣಂತನಕ್ಕೆಂದು ಬಸ್ಸಿಳಿದಾಗಿನಿಂದ ಕೆರೆದುಕೊಳ್ಳುತ್ತಲೇ ಇದ್ದರು. ಕೇಳಿದರೆ ದಾರಿಯ ಧೂಳು ಎನ್ನುತ್ತಿದ್ದರು. "ವಾಸನೆ ಬರ್ಲಿಲ್ವಂತೆ! ಕೊರೊನಾ ಕಾಲದಲ್ಲಿ ಮೂಗು ಕೆಲಸ ಮಾಡ್ಲಿಲ್ಲ ಅಂದ್ರೆ ಏನರ್ಥ? ನೀನು ಎದ್ದು ಈಚೆ ಬಾರೇ ಮಗಳೇ!"

ಆ ಕೂಗು ಕೇಳಿ ಪಕ್ಕದ ಮನೆಯ ಕಾಂಪೌಂಡರ್ ಕಿಟಕಿಗೆ ಬಂದರು, ಕಿಟಕಿ ಸಾಲದೆ ಬಾಗಿಲಿಗೆ ಬಂದರು, ಕೊನೆಗೆ ಅಡುಗೆಮನೆಗೇ ಬಂದರು. ಮೂವತ್ತು ವರ್ಷ ಡಾಕ್ಟರೊಬ್ಬರ ಬಳಿ ಮಾತ್ರೆ ಕಟ್ಟಿ ಕೊಟ್ಟವರು. ಮಾತ್ರೆ ಕೊಡುವುದು ಬಿಟ್ಟು ಆರು ವರ್ಷವಾಗಿತ್ತು, ಸಲಹೆ ಕೊಡುವುದು ಒಂದು ದಿನವೂ ಬಿಟ್ಟಿರಲಿಲ್ಲ.

"ಈಗ್ಲೇ ಪರೀಕ್ಷೆ ಮಾಡೋಣ. ಕಣ್ಮುಚ್ಚಯ್ಯಾ."

ಅತ್ತೆ ನೋವಿನ ಮುಲಾಮಿನ ಡಬ್ಬಿ ಮೂಗಿಗೆ ಹಿಡಿದರು. ಪಾಲಿಶ್‌ನವನು ಯೋಚಿಸಿ, "ಸೋಪು?" ಎಂದ. ಕಾಂಪೌಂಡರ್ ಅವನ ಹೆಂಡತಿಯ ಸೆಂಟಿನ ಬಾಟಲಿ ಹಿಡಿದರು. ಅವನು ಇನ್ನೂ ಹೆಚ್ಚು ಯೋಚಿಸಿ, "ಈರುಳ್ಳಿ" ಎಂದ.

ಹೆಂಡತಿಯ ಮುಖ ಸಣ್ಣದಾಯಿತು. "ರೀ, ಮದುವೆಗೆ ನೀವೇ ಕೊಟ್ಟಿದ್ದಲ್ವಾ ಅದು? ಇಪ್ಪತ್ತು ಬಾಟ್ಲಿ ಮೂಸಿ ಮೂಸಿ ಆರಿಸ್ದೆ ಅಂದಿದ್ರಿ."

ಇಲ್ಲೇ ಇದ್ದದ್ದು ಇಕ್ಕಟ್ಟು. ಸ್ಪಿರಿಟ್ಟು, ಟರ್ಪೆಂಟೈನು, ವಾರ್ನಿಶ್‌ಗಳ ನಡುವೆ ಹನ್ನೆರಡು ವರ್ಷ ಕಳೆದವನ ಮೂಗು ಯಾವತ್ತೋ ಕೈ ಎತ್ತಿತ್ತು. ಅದಕ್ಕೂ ಕೊರೊನಾಕ್ಕೂ ಏನೂ ಸಂಬಂಧವಿರಲಿಲ್ಲ. ಆದರೆ ಅದನ್ನು ಹೇಳಿದರೆ, ಸೆಂಟು ಆರಿಸಿದವನು ಅಂಗಡಿಯವನು ಎಂಬುದು ಬಯಲಾಗುತ್ತದೆ. ಹೇಳದಿದ್ದರೆ ಸ್ಕ್ಯಾನಿಂಗ್ ತಪ್ಪುತ್ತದೆ. ಅವನು ಹೇಳಿಯೇಬಿಟ್ಟ: "ನಿಜ ಹೇಳ್ತೀನಿ, ನನ್ನ ಮೂಗು ಸತ್ತು ಆರೇಳು ವರ್ಷ ಆಯ್ತು."

"ನೋಡಿದ್ರಾ ಅಮ್ಮಾ," ಎಂದರು ಕಾಂಪೌಂಡರ್ ನಿಧಾನವಾಗಿ, "ಬಡಬಡಿಸೋದೂ ಶುರುವಾಯ್ತು."

"ಒಂದು ಟೆಸ್ಟ್ ಮಾಡಿಸ್ಕೊಂಡು ಬರ್ತೀನಿ ಸಾರ್, ಆಗ ಗೊತ್ತಾಗತ್ತಲ್ಲ."

"ಅಷ್ಟರಲ್ಲಿ ಅವಳಿಗೆ ಅಂಟಿದ್ರೆ? ನಿನ್ನಿಂದ ಅವಳಿಗೆ, ಅವಳಿಂದ ಕರುಳಬಳ್ಳಿಯಲ್ಲಿ ನೇರ ಮಗುವಿಗೆ. ಯೋಚ್ನೆ ಮಾಡಯ್ಯಾ."

ಆ ಮಾತು ಕೆಲಸ ಮಾಡಿತು. ತನಗೇನೂ ಆಗಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಒಂದು ವೇಳೆ ಆಗಿದ್ದರೆ? ಮುಖ ಕೂಡ ನೋಡದ ಆ ಪುಟ್ಟ ಜೀವಕ್ಕೆ ತನ್ನಿಂದಲೇ ತೊಂದರೆಯಾದರೆ? ಅವನು ದಿಂಬು ಕಂಕುಳಲ್ಲಿಟ್ಟುಕೊಂಡು, ವಾರ್ನಿಶ್ ಡಬ್ಬಗಳಿಡುವ ತಾರಸಿಯ ಕೋಣೆಗೆ ಹತ್ತಿದ.

ಹತ್ತೂವರೆಗೆ ಬಾಡಿಗೆ ಕಾರು ಬಂತು. ಅವನು ತಾರಸಿಯ ಗೋಡೆಗೆ ಆತು ಬಗ್ಗಿ ನೋಡಿದ. ಕೆಳಗೆ ಕಾಂಪೌಂಡರ್ ಕಾರಿನ ಬಾಗಿಲು ತೆಗೆಯಲು ಹೋಗಿ, ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಅತ್ತೆಯೂ ಗದರಿದರು. "ಏನೇ ಇದು, ಬಾಟ್ಲಿ ಪೂರ್ತಿ ಮೈಮೇಲೆ ಸುರ್ಕೊಂಡಿದೀಯಾ?"

"ಹಳೇದಾಗಿದೆ ಕಣಮ್ಮಾ, ಎಷ್ಟು ಹಾಕಿದ್ರೂ ಘಮಾನೇ ಇಲ್ಲ" ಎಂದಳು ಹೆಂಡತಿ. ಆಮೇಲೆ ತಲೆಯೆತ್ತಿ ಗಂಡನನ್ನು ನೋಡಿದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ, ಅವಳು ಬೈಯಲಿಲ್ಲ. "ಊಟ ಮಾಡಿ" ಎಂದಷ್ಟೇ ಹೇಳಿ ಕಾರು ಹತ್ತಿದಳು. ಅವನ ಜಾಗದಲ್ಲಿ ಅತ್ತೆ ಕೂತರು.

ಕಾರು ತಿರುವು ದಾಟುವವರೆಗೆ ಅವನು ಕಾದ. ಆಮೇಲೆ ಮಾಸ್ಕಿನ ಮೇಲೊಂದು ಮಾಸ್ಕು ಹಾಕಿ, ಹಿಂದಿನ ಮೆಟ್ಟಿಲಿಳಿದು, ಸೈಕಲ್ ಹತ್ತಿದ. ಒಳಗೆ ಕಾಲಿಡುವುದು ಬೇಡ, ಹೊರಗೇ ಟೆಸ್ಟ್ ಮಾಡಿಸಿ, ಕಿಟಕಿಯಾಚೆ ನಿಂತು ಕೇಳಿದರಾಯಿತು ಎಂಬುದು ಅವನ ಲೆಕ್ಕಾಚಾರ. ಅರ್ಧ ದಾರಿಯಲ್ಲಿ ಚೈನು ಕಳಚಿತು. ಹಾಕುವಾಗ ಇಸ್ತ್ರಿ ಅಂಗಿಗೆ ಗ್ರೀಸು ಮೆತ್ತಿಕೊಂಡಿತು. ಬೆವರು ಸುರಿಸುತ್ತಾ, ಏದುಸಿರು ಬಿಡುತ್ತಾ, ಕೆಂಗಣ್ಣು ಮಾಡಿಕೊಂಡು ಅವನು ಕ್ಲಿನಿಕ್ಕಿನ ಗೇಟು ಮುಟ್ಟಿದಾಗ, ಎಂಥವರಿಗೂ ರೋಗಿಯೆಂದೇ ಅನ್ನಿಸುತ್ತಿತ್ತು.

ನರ್ಸು ಕೈ ಅಡ್ಡ ಹಿಡಿದಳು. "ಪಾಲಿಶ್ ಕೆಲಸದವರು ನೀವೇನಾ? ಕೊರೊನಾ ಇದೆ, ಓಡಿ ಬರ್ಬಹುದು ಅಂತ ನಿಮ್ಮ ಪಕ್ಕದ್ಮನೆ ಕಾಂಪೌಂಡರ್ ಫೋನ್ ಮಾಡಿದ್ರು."

"ಎಲ್ರೂ ಇದೇ ಹೇಳಿದ್ರೆ ಹೇಗಮ್ಮಾ? ಟೆಸ್ಟ್ ಮಾಡಿ, ನೀವೇ ನೋಡಿ."

"ಅದಕ್ಕೇ ಕಾಯ್ತಿದ್ದೆ." ಅವಳು ಗೇಟಿನ ಪಕ್ಕದ ಶಾಮಿಯಾನದಲ್ಲಿ ಕೂರಿಸಿ ಕಡ್ಡಿಯನ್ನು ಆ ಸತ್ತ ಮೂಗಿಗೆ ತೂರಿಸಿದಳು. ವಾಸನೆಗೆ ಸತ್ತಿದ್ದರೂ ನೋವಿಗೆ ಅದು ಚೆನ್ನಾಗಿಯೇ ಬದುಕಿತ್ತು. "ಒಳಗೆ ಹೋಗೋರಿಗೂ ಇದೇ ಟೆಸ್ಟ್ ಆಗತ್ತೆ. ಅರ್ಧ ಗಂಟೆ ಅಲ್ಲಾಡ್ಬೇಡಿ."

ಅವನು ಅಲ್ಲಾಡಲಿಲ್ಲ. ಸ್ಕ್ಯಾನಿಂಗ್ ಕೋಣೆಯ ಕಿಟಕಿ ಕಟ್ಟಡದ ಆಚೆ ಬದಿಗಿತ್ತು. ಬೀದಿಯ ಹಾರನ್ನು ಬಿಟ್ಟರೆ ಏನೂ ಕೇಳಿಸಲಿಲ್ಲ. ಮುಕ್ಕಾಲು ಗಂಟೆಯಾದ ಮೇಲೆ ಡಾಕ್ಟರಮ್ಮನೇ ಮೂರು ಚೀಟಿ ಹಿಡಿದು ಹೊರಗೆ ಬಂದರು.

"ನಿಮಗೆ ಏನೂ ಇಲ್ಲ."

ಪಾಲಿಶ್‌ನವನು ಚಂಗನೆ ಎದ್ದ. "ನಾನು ಬೆಳಿಗ್ಗೆಯಿಂದ ಬಡ್ಕೋತಾನೇ ಇದೀನಿ ಡಾಕ್ಟರಮ್ಮಾ! ಹಾಗಾದ್ರೆ ಈಗ ಒಳಗೆ..."

"ಕೂತ್ಕೊಳ್ಳಿ. ನಿಮ್ಮ ಹೆಂಡ್ತಿಗೆ ಇದೆ. ನಿಮ್ಮತ್ತೆಗೂ ಇದೆ. ಬಹುಶಃ ಅವ್ರೇ ಊರಿಂದ ತಂದಿರೋದು. ನಿಮ್ಮ ಹೆಂಡ್ತಿಗೆ ಎರಡು ದಿನದಿಂದ ವಾಸನೆ ಗೊತ್ತಾಗ್ತಿಲ್ವಂತೆ. ಬಸಿರಲ್ಲಿ ಹೀಗೇ ಇರ್ಬಹುದು ಅಂದ್ಕೊಂಡಿದ್ರಂತೆ. ಒಲೆ ಪಕ್ಕದಲ್ಲೇ ಹಾಲು ಸೀದ್ರೂ ತಿಳೀಲಿಲ್ಲ ಅಂದ್ರು. ನಿಮಗೆಲ್ಲಾ ಅದು ಹೊಳೀಲೇ ಇಲ್ವಾ?"

ಹೊಳೆದಿರಲಿಲ್ಲ. ಕಾಪಾಡುವ ಭರದಲ್ಲಿ ಅವಳ ಮೂಗನ್ನು ಯಾರೂ ಕೇಳಿರಲಿಲ್ಲ. ಪಾಲಿಶ್‌ನವನು ಕುರ್ಚಿಯಲ್ಲಿ ಕೂತ. "ಮಗು?" ಎಂದ.

"ಮಗು ಚೆನ್ನಾಗಿದೆ" ಎಂದರು ಡಾಕ್ಟರಮ್ಮ, ಮೆತ್ತಗೆ. "ಹೊಟ್ಟೆಯೊಳಗಿರೋ ಮಗುವಿಗೆ ತಾಯಿಯಿಂದ ಅಂಟೋದು ಅಪರೂಪ. ಆದ್ರೆ ತಾಯಿಯನ್ನ ಹುಷಾರಾಗಿ ನೋಡ್ಕೋಬೇಕು. ಜ್ವರ ಏರಿದ್ರೆ, ಉಸಿರಾಟಕ್ಕೆ ಕಷ್ಟ ಆದ್ರೆ, ಮಗುವಿನ ಹೊರಳಾಟ ಕಮ್ಮಿ ಅನ್ಸಿದ್ರೆ ತಕ್ಷಣ ಕರ್ಕೊಂಡು ಬನ್ನಿ. ದಿನಾ ನಾನೂ ಫೋನ್ ಮಾಡ್ತೀನಿ. ಅಮ್ಮ ಮಗಳು ಕೆಳಗಿರ್ಲಿ. ನೀವು ಒಂದು ವಾರ ಬೇರೆ ಕೋಣೆಯಲ್ಲಿರಿ. ಅಂಥದ್ದು ಯಾವ್ದಾದ್ರೂ ಇದೆಯಾ?"

"ಇದೆ" ಎಂದ ಪಾಲಿಶ್‌ನವನು. "ದಿಂಬು ಆಗ್ಲೇ ಅಲ್ಲಿದೆ."

ಹೀಗೆ ಬೆಳಿಗ್ಗೆ ಅವನಿಂದ ಹೆಂಡತಿಗೆ ಅಂಟಬಾರದೆಂದು ಹತ್ತಿದ್ದ ತಾರಸಿಗೆ, ಮಧ್ಯಾಹ್ನ ಹೆಂಡತಿಯಿಂದ ಅವನಿಗೆ ಅಂಟಬಾರದೆಂದು ಮತ್ತೆ ಹತ್ತಿದ. ತಾರಸಿಯ ಬಯಲಲ್ಲಿ ಒಲೆ ಹೂಡಿ ಬೇಳೆ ಬೇಯಿಸಿ, ಮೆಟ್ಟಿಲ ಕೆಳಗಿಟ್ಟು, ಕೂಗಿ, ಓಡಿ ಮೇಲೆ ಬಂದು ಉಸ್ಸೆಂದು ಕೂತಾಗ ನೀರಿನ ಟ್ಯಾಂಕಿನ ಆಚೆಯಿಂದ ಕೆಮ್ಮು ಕೇಳಿಸಿತು. ಪಕ್ಕದ ಮನೆಯ ತಾರಸಿಯಲ್ಲಿ ಚಾಪೆ, ಹೂಜಿ, ಕಾಂಪೌಂಡರ್.

"ಬೆಳಿಗ್ಗೆಯೆಲ್ಲಾ ನಿಮ್ಮನೇಲೇ ಇದ್ನಲ್ಲಯ್ಯಾ," ಎಂದರು ಸಣ್ಣ ದನಿಯಲ್ಲಿ, "ನನ್ನವಳು ಒಳಗೇ ಬಿಡ್ಲಿಲ್ಲ. ಇರ್ಲಿ ಬಿಡು. ಒಂದು ವಾರ ಇಬ್ರಿಗೂ ಜೊತೆಯಾಯ್ತು. ಮೊದಲು ಆ ಮೂಗಿಗೆ ಏನು ಮಾಡ್ಬೇಕು ಹೇಳ್ತೀನಿ ಕೇಳು."

ಅಷ್ಟರಲ್ಲಿ ಪಾಲಿಶ್‌ನವನ ಫೋನು ಬಡಿದುಕೊಂಡಿತು. ಕೆಳಗಿನ ಕೋಣೆಯಿಂದ ಹೆಂಡತಿ.

"ರೀ, ಡಾಕ್ಟರಮ್ಮನ್ನ ಕೇಳಿ ರೆಕಾರ್ಡ್ ಮಾಡ್ಕೊಂಡು ಬಂದಿದೀನಿ. ಕೇಳಿ."

ಡಬಡಬ, ಡಬಡಬ, ಡಬಡಬ. ಎಲ್ಲಿಗೋ ಅವಸರದಲ್ಲಿ ಹೊರಟ ಹಾಗೆ ಓಡುತ್ತಿತ್ತು. ಪಾಲಿಶ್‌ನವನು ಗ್ರೀಸು ಮೆತ್ತಿದ ತೋಳಿನಲ್ಲಿ ಕಣ್ಣೊರೆಸಿಕೊಂಡ. ಕಾಂಪೌಂಡರ್ ಕೂಡ ಟ್ಯಾಂಕಿನ ಆಚೆಯಿಂದ ಕಿವಿಯೊಡ್ಡಿದರು.

"ಇನ್ನೊಂದ್ಸಲ ಹಾಕೇ" ಎಂದ ಅವನು.

"ಹಾಕ್ತೀನಿ," ಎಂದಳು ಹೆಂಡತಿ ಶಾಂತವಾಗಿ. "ಮೊದಲು ಇದು ಹೇಳಿ. ಮೂಗು ಸತ್ತು ಆರೇಳು ವರ್ಷ ಆಗಿದ್ರೆ, ಹೋದ ವರ್ಷ ಆ ಸೆಂಟು ಆರಿಸಿದ್ದು ಯಾರು?"