ದೀಪ ಆರುತ್ತೆ, ಫ್ಯಾನು ಬೇಡ

ಯುಗಾದಿಯಿಂದ ಮೊದಲ ಮಳೆ ಬೀಳುವವರೆಗೆ ನಮ್ಮ ಶಿವಮೊಗ್ಗದಲ್ಲಿ ಯಾರು ಯಾರಿಗೆ ಏನೇ ಅಂದರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಒಂದು ಕಾನೂನು ಬರಬೇಕು ಎನ್ನುವುದು ನನ್ನ ಬಹುದಿನದ ಬೇಡಿಕೆ. ಚಳಿಗಾಲದಲ್ಲಿ ಸಜ್ಜನರಾಗಿರುವುದು ದೊಡ್ಡ ಸಾಧನೆಯೇನಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಕರೆಂಟು ಹೋಗಿರುವಾಗ, ರವಿಕೆ ಬೆನ್ನಿಗೆ ಅಂಟಿಕೊಂಡಿರುವಾಗ, ಆಗಷ್ಟೇ ಹತ್ತಿದ ನಿದ್ದೆಯನ್ನು ಕೆಡಿಸಿ ಬಾಗಿಲು ಬಡಿದ ಫಿನಾಯಿಲ್ ಮಾರುವವನಿಗೆ "ಬೇಡಪ್ಪಾ" ಎಂದು ಮೆತ್ತಗೆ ಹೇಳಬಲ್ಲವರು ಯಾರಾದರೂ ಇದ್ದರೆ ಅವರ ಕಾಲಿಗೆ ಬೀಳಲು ನಾನು ತಯಾರಿದ್ದೇನೆ. ಸಾಯಂಕಾಲ, ಬಿಸಿಲು ಇಳಿದ ಮೇಲೆ.

ಹೊರಗಿನವರಿಗೆ ನಮ್ಮ ಕಷ್ಟ ಅರ್ಥವಾಗುವುದಿಲ್ಲ. ಬಳ್ಳಾರಿಯಲ್ಲಿರುವ ನನ್ನ ಚಿಕ್ಕಮ್ಮ ಫೋನು ಮಾಡಿದಾಗಲೆಲ್ಲ "ನಿಮಗೇನವ್ವಾ, ಮಲೆನಾಡಿನೋರು, ತಂಪಾಗಿದ್ದೀರಿ" ಎನ್ನುತ್ತಾಳೆ. ಶಿವಮೊಗ್ಗವನ್ನು ಮಲೆನಾಡಿನ ಹೆಬ್ಬಾಗಿಲು ಎಂದು ಕರೆಯುತ್ತಾರೆ, ನಿಜ. ಆದರೆ ಹೆಬ್ಬಾಗಿಲಲ್ಲಿ ನಿಂತವರಿಗೆ ಒಳಮನೆಯ ತಂಪು ಸಿಗುವುದಿಲ್ಲ ಎಂಬುದನ್ನು ಯಾರೂ ಯೋಚಿಸುವುದಿಲ್ಲ. ಬಳ್ಳಾರಿಯವರಿಗೆ ಸೆಕೆಯ ಜೊತೆಗೆ ನಾಲ್ಕು ಜನರ ಅನುಕಂಪವಾದರೂ ಇದೆ. ನಮಗೆ ಬರೀ ಸೆಕೆ. ಈ ಅನ್ಯಾಯ ನನ್ನನ್ನು ಒಳಗೊಳಗೇ ಎಷ್ಟು ಕೊರೆಯುತ್ತಿತ್ತು ಎಂಬುದು ನನಗೂ ಗೊತ್ತಿರಲಿಲ್ಲ, ಅದು ಗೊತ್ತಾಗಲು ಭದ್ರಾವತಿಗೆ ಹೋಗಬೇಕಾಯಿತು.

ನಮ್ಮ ರವೀಂದ್ರನಗರದ ಬೀದಿಯನ್ನೇ ನೋಡಿ. ಎದುರುಮನೆಯ ಮೇಷ್ಟ್ರಿಗೂ ಪಕ್ಕದ ಮನೆಯ ಇಂಜಿನಿಯರಿಗೂ ಹತ್ತು ತಿಂಗಳು ಪರಮ ಸ್ನೇಹ. ಬೇಸಿಗೆ ಬಂತೆಂದರೆ ಇಬ್ಬರ ನಡುವೆ ಇರುವ ಒಂದೇ ಒಂದು ಹೊಂಗೆಮರದ ನೆರಳಿಗಾಗಿ ಯುದ್ಧ. ನೆರಳು ಸರಿದಂತೆ ಒಬ್ಬರು ಸ್ಕೂಟರನ್ನು ಸರಿಸುತ್ತಾರೆ, ಅದನ್ನು ಕಿಟಕಿಯಿಂದ ನೋಡಿದ ಇನ್ನೊಬ್ಬರು ಬನಿಯನ್ನಿನಲ್ಲೇ ಓಡಿಬಂದು ತಮ್ಮ ಕಾರನ್ನು ಒಂದು ಮೊಳ ಮುಂದೆ ಬಿಡುತ್ತಾರೆ. ಮೊನ್ನೆ ಸೊಪ್ಪಿನವಳ ಹತ್ತಿರ ದಂಟಿನ ಸೊಪ್ಪು ಬಾಡಿದೆಯಲ್ಲೇ ಎಂದಿದ್ದಕ್ಕೆ, "ನೀವೇನ್ ಅರಳಿದ್ದೀರಾ ಅಕ್ಕಾ? ತಗೊಳ್ಳೋದಾದ್ರೆ ತಗೊಳ್ಳಿ, ಇಲ್ಲಾಂದ್ರೆ ನೆರಳು ಬಿಟ್ಟು ನಿಂತ್ಕಳಿ" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲವಾದ್ದರಿಂದ ಎರಡು ಕಟ್ಟು ತೆಗೆದುಕೊಂಡು ಬಂದೆ.

ಇನ್ನು ನಮ್ಮ ಮನೆಯ ಯಜಮಾನರು. ದಸರೆಯಿಂದ ಶಿವರಾತ್ರಿಯ ತನಕ ಅವರಷ್ಟು ಒಳ್ಳೆಯವರು ಜಿಲ್ಲೆಯಲ್ಲಿಲ್ಲ. ಸಾರಿಗೆ ಉಪ್ಪಿಲ್ಲದಿದ್ದರೂ ಊಟ ಮಾಡಿ ಕೈತೊಳೆಯುತ್ತಾರೆ. ಯುಗಾದಿ ಆಯಿತೋ, ಅದೇ ಮನುಷ್ಯ ಚಪ್ಪಲಿಯ ಮೇಲೂ ರೇಗುತ್ತಾರೆ. ಇದು ಮನೆಯೊಳಗೇ ಉಳಿದಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ಹೋದ ಬೇಸಿಗೆಯಲ್ಲಿ ನನ್ನ ತಮ್ಮ ಉಮೇಶನಿಗೆ ಹೆಣ್ಣು ನೋಡಲು ಕುಂಸಿಗೆ ಹೋಗಿದ್ದೆವು. ಉರಿಬಿಸಿಲಲ್ಲಿ ಹೋಗಿ ಕೂತವರಿಗೆ ಆ ಮನೆಯವರು ಪಾಪ, ಮರ್ಯಾದೆಗೆಂದು ಹಬೆಯಾಡುವ ಕಾಫಿ ತಂದಿಟ್ಟರು. ಯಜಮಾನರು ಲೋಟ ನೋಡಿದರು, ಹುಡುಗಿಯ ಅಪ್ಪನ ಮುಖ ನೋಡಿದರು. "ಏನ್ರೀ, ನಿಮ್ಮನೇಲಿ ಎಮ್ಮೆ ಮಜ್ಜಿಗೆ ಕೊಡಲ್ವಾ?" ಎಂದರು. ಆ ಸಂಬಂಧ ಅಲ್ಲಿಗೇ ಮುಗಿಯಿತು. ಮೂವತ್ತೈದು ದಾಟಿದ, ಹಣೆ ದಿನದಿನಕ್ಕೂ ಅಗಲವಾಗುತ್ತಿದ್ದ ನನ್ನ ತಮ್ಮ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಕೂತಿದ್ದ.

ಹಾಗಾಗಿ ಈ ಏಪ್ರಿಲ್‌ನಲ್ಲಿ ಭದ್ರಾವತಿಯ ಕಾಗದನಗರದ ಸುಮಾ ಎಂಬ ಹುಡುಗಿ ಉಮೇಶನನ್ನು ಒಪ್ಪಿದ್ದಾಳೆ, ಎಲೆಅಡಿಕೆ ಬದಲಾಯಿಸಿ ಮಾತು ಗಟ್ಟಿ ಮಾಡಿಕೊಳ್ಳೋಣ ಎಂದು ಅವಳ ದೊಡ್ಡಪ್ಪ ಹೇಳಿ ಕಳಿಸಿದಾಗ ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ಹುಡುಗ ಹುಡುಗಿ ಆಗಲೇ ಫೋನಿನಲ್ಲಿ ಮಾತಾಡಿಕೊಂಡು ಮನಸ್ಸು ಕೊಟ್ಟುಕೊಂಡಿದ್ದರು. ಕೆಡಿಸಲು ಉಳಿದಿದ್ದವರು ದೊಡ್ಡವರು ಮಾತ್ರ. ಅದೂ ಭಾನುವಾರ. ಸಂಜೆಗೆ ರಾಹುಕಾಲ ಬರುತ್ತದೆಂದು ನಡುಮಧ್ಯಾಹ್ನವೇ ಶಾಸ್ತ್ರ. "ಅಕ್ಕಾ, ಈ ಸಲ ಭಾವನ್ನ ಸ್ವಲ್ಪ ನೋಡ್ಕೊಳ್ಳೇ. ಇದೂ ಹೋದ್ರೆ ನಾನು ಇನ್ನು ಹೆಣ್ಣು ನೋಡಕ್ಕೆ ಬರಲ್ಲ" ಎಂದ ಉಮೇಶ. ಅವನ ಧ್ವನಿ ಕೇಳಿ ನಾನು ಸೆರಗು ಬಿಗಿದು ನಿಂತೆ.

ಒಂದು ವಾರ ಮೊದಲೇ ಯಜಮಾನರನ್ನು ತಂಪು ಮಾಡುವ ಕೆಲಸ ಶುರುವಾಯಿತು. ಬೆಳಿಗ್ಗೆ ನೀರಿನಲ್ಲಿ ನೆನೆಸಿದ ಕಾಮಕಸ್ತೂರಿ ಬೀಜ, ಹತ್ತು ಗಂಟೆಗೆ ಬೇಲದ ಹಣ್ಣಿನ ಪಾನಕ, ಮಧ್ಯಾಹ್ನ ಹೆಸರುಬೇಳೆ ಕೋಸಂಬರಿ, ಸಂಜೆ ಪುನರ್ಪುಳಿ ಶರಬತ್ತು, ಮಲಗುವಾಗ ಅಂಗಾಲಿಗೆ ಹರಳೆಣ್ಣೆ. "ಇಷ್ಟೆಲ್ಲ ಕುಡಿಸಿದ್ರೆ ಶಾಸ್ತ್ರದ ಮಧ್ಯ ಎದ್ದೆದ್ದು ಹೋಗ್ಬೇಕಾಗುತ್ತೆ ಮಾರಾಯ್ತಿ" ಎಂದು ಗೊಣಗಿದರು. ಎದ್ದು ಹೋದರೆ ಒಳ್ಳೆಯದೇ, ಅಷ್ಟು ಹೊತ್ತು ಮಾತಾಡುವುದು ತಪ್ಪುತ್ತದೆ ಎಂದೆ. ಅಲ್ಲಿ ಆಡಬಹುದಾದ ಮಾತುಗಳನ್ನೂ ನಾನೇ ಆರಿಸಿಕೊಟ್ಟೆ: 'ಹೌದು', 'ಸಂತೋಷ', 'ನಿಮ್ಮಿಷ್ಟ'. ಇವನ್ನು ಬಿಟ್ಟು ಬೇರೆ ಮಾತು ಬಾಯಿಗೆ ಬರುವ ಸೂಚನೆ ಕಂಡರೆ ನಾನು ಕೆಮ್ಮುತ್ತೇನೆ, ಕೆಮ್ಮು ಕೇಳಿದ ತಕ್ಷಣ ಅವರು ಒಂದು ಗುಟುಕು ನೀರು ಕುಡಿದು ಸುಮ್ಮನಾಗಬೇಕು ಎಂದು ಒಪ್ಪಂದವಾಯಿತು.

ಕಾಗದನಗರದ ಕ್ವಾರ್ಟರ್ಸಿನ ಆ ಮನೆಗೆ ನಾವು ಕಾಲಿಟ್ಟಾಗ ಹಾಲಿನ ಫ್ಯಾನು ಗಿರಗಿರ ತಿರುಗುತ್ತಿತ್ತು. ಸುಮಾಳಿಗೆ ತಂದೆ ಇಲ್ಲ, ದೊಡ್ಡಪ್ಪ ರುದ್ರಪ್ಪನವರದೇ ಹಿರಿತನ. ಕಾಗದದ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಆಳೆತ್ತರದ ಮನುಷ್ಯ, ನುಣ್ಣನೆ ಬೋಳುತಲೆ. ಮೂಲೆಯ ಮಂಚದ ಮೇಲೆ ಅವರ ತಾಯಿ, ಬೊಚ್ಚುಬಾಯಿಯ ಅಜ್ಜಿ. ತಣ್ಣನೆಯ ಮಜ್ಜಿಗೆ ಬಂತು, ಅದಕ್ಕೆ ಇಂಗು ಕೊತ್ತಂಬರಿ ಬೇರೆ. ಯಜಮಾನರು ಎರಡು ಲೋಟ ಕುಡಿದು ದೇವರಂತೆ ನಕ್ಕರು. ಗೆದ್ದೆ ಎಂದುಕೊಂಡೆ.

ಆಗ ಸುಮಾಳ ತಾಯಿ ವೀರಭದ್ರ ದೇವರ ಫೋಟೋ ಮುಂದೆ ದೀಪ ಹಚ್ಚಿದರು. ನಡುವೆ ಎಲೆ, ಅಡಿಕೆ, ಅರಿಶಿನ, ಕುಂಕುಮ, ಬಿಡಿಹೂವಿನ ತಟ್ಟೆ ಇಟ್ಟರು. ಇಟ್ಟವರೇ, "ಸುಮಾ, ದೀಪ ಆರುತ್ತೆ, ಫ್ಯಾನು ಬೇಡ" ಎಂದರು. ನಮ್ಮ ಕಡೆಯ ಮನೆಗಳಲ್ಲಿ ಇದೊಂದು ಮಾತಿಗೆ ಎದುರು ಮಾತಿಲ್ಲ. ಶುಭಕಾರ್ಯ ಮುಗಿಯುವ ತನಕ ದೀಪ ಆರಬಾರದು, ಮನುಷ್ಯರು ಬೆಂದರೆ ಚಿಂತೆಯಿಲ್ಲ. ಫ್ಯಾನು ನಿಧಾನವಾಗಿ, ಒಲ್ಲದ ಮನಸ್ಸಿನಿಂದ ನಿಂತಿತು. ಒಂದೇ ಕಿಟಕಿಯ ಆ ಪುಟ್ಟ ಹಾಲಿನಲ್ಲಿ ನಾವೆಲ್ಲ ಇಡ್ಲಿಗಳಂತೆ ಕೂತೆವು. ಒಂದು ವಾರದ ಕಾಮಕಸ್ತೂರಿ, ಬೇಲದ ಹಣ್ಣು, ಹೆಸರುಬೇಳೆ ಎಲ್ಲವೂ ಯಜಮಾನರ ಹಣೆಯಿಂದ ಹನಿಹನಿಯಾಗಿ ಇಳಿದುಹೋಗುವುದನ್ನು ನಾನು ಕಣ್ಣಾರೆ ನೋಡಿದೆ.

ಆದರೂ ಅವರು ಮಾತು ತಪ್ಪಲಿಲ್ಲ. "ದಾರಿ ಆರಾಮಾಗಿತ್ತಾ?" ಎಂದರು ರುದ್ರಪ್ಪನವರು. "ಹೌದು." "ಛತ್ರ ನಾವೇ ನೋಡ್ತೀವಿ." "ನಿಮ್ಮಿಷ್ಟ." "ನನಗೆ ಮಂಡಿನೋವು ಮಾರಾಯ್ರೆ, ಮೆಟ್ಟಿಲು ಹತ್ತಕ್ಕಾಗಲ್ಲ." "ಸಂತೋಷ." ನಾನು ಕೆಮ್ಮಿದೆ. ಅವರು ನೀರು ಕುಡಿದರು. ರುದ್ರಪ್ಪನವರು ಒಂದು ಕ್ಷಣ ದುರುಗುಟ್ಟಿ ನೋಡಿ, ಟವೆಲಿನಿಂದ ತಲೆ ಒರೆಸಿಕೊಂಡರು. ಮಾತು ಮುಂದುವರಿಯಲೆಂದು ನಾನೇ ನಯವಾಗಿ, "ಏನು ಸೆಕೆ ಅಲ್ವಾ ಈ ವರ್ಷ" ಎಂದೆ. ಎಲ್ಲಿಯೂ ಯಾರಿಗೂ ತೊಂದರೆ ಮಾಡದ ಮಾತು ಎಂದುಕೊಂಡಿದ್ದೆ.

"ನಿಮಗೇನ್ ಸೆಕೆ ತಾಯಿ!" ಎಂದು ನಕ್ಕರು ರುದ್ರಪ್ಪನವರು. "ಶಿವಮೊಗ್ಗದಲ್ಲಿ ತುಂಗೆ ಗಾಳಿ ಬೀಸುತ್ತೆ. ಸೆಕೆ ಅಂದ್ರೆ ನಮ್ ಭದ್ರಾವತೀದು. ನಾನು ಬಾಯ್ಲರ್ ಮುಂದೆ ನಿಂತು ಬಂದೋನು. ನಿಮ್ದೆಲ್ಲ ಒಂದು ಸೆಕೆನಾ? ನೀವು ಮಲೆನಾಡಿನೋರು, ತಂಪಾಗಿದ್ದೀರಾ."

ಮುಂದಿನದು ಹೇಗಾಯಿತೋ ನನಗೆ ಗೊತ್ತಿಲ್ಲ. ನಾನು ಎದ್ದು ನಿಂತಿದ್ದೆ. "ಏನ್ರೀ ತುಂಗೆ ಗಾಳಿ?" ಎಂದು ಶುರುವಾದ ನನ್ನ ಧ್ವನಿ ಏರುತ್ತಲೇ ಹೋಯಿತು. "ತುಂಗೆ ನಮ್ಮ ಅಡಿಗೆಮನೇಲಿ ಹರಿಯುತ್ತಾ? ನಮ್ಮ ಟ್ಯಾಂಕಿನ ನೀರಿಗೆ ಟೀಪುಡಿ ಹಾಕಿದ್ರೆ ಸಾಕು, ಒಲೆ ಬೇಡ! ಇಪ್ಪತ್ತೇ ಕಿಲೋಮೀಟರ್ ದೂರದಲ್ಲಿ ಕೂತು ನೀವೇ ಹೀಗಂದ್ರೆ ಬಳ್ಳಾರಿಯೋರು ಇನ್ನೇನಂತಾರೆ? ನಿಮ್ಮ ಬಾಯ್ಲರ್‌ಗೆ ಶಿಫ್ಟ್ ಮುಗಿತಿತ್ತು, ನನ್ನ ಅಡಿಗೆಮನೆಗೆ ಶಿಫ್ಟ್ ಮುಗಿಯುತ್ತಾ?" ಈ ನಡುವೆ ಪಕ್ಕದಲ್ಲಿ ಯಾರೋ ಕೆಮ್ಮುತ್ತಿದ್ದರು. ಒಂದು ಸಲ, ಮತ್ತೊಂದು ಸಲ, ಆಮೇಲೆ ಎಡೆಬಿಡದೆ. ನೋಡಿದರೆ ನಮ್ಮ ಯಜಮಾನರು. "ಒಂದ್ ಗುಟುಕು ನೀರ್ ಕುಡೀರಿ, ಏನು ಕೆಮ್ಮೋದು!" ಎಂದು ಅವರ ಮೇಲೂ ಹಾರಿದೆ.

ರುದ್ರಪ್ಪನವರ ಬೋಳುತಲೆ ಕೆಂಪಗಾಯಿತು. ಅವರು ಎಲೆಅಡಿಕೆಯ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಇವತ್ತು ಬೇಡ. ಈ ಮಾತು ಇನ್ನೊಂದ್ ದಿನ ನೋಡಣ" ಎಂದರು. ಇನ್ನೊಂದು ದಿನ ಎಂದರೆ ಯಾವ ದಿನವೂ ಅಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಉಮೇಶ ತಲೆ ಎತ್ತಿ ನನ್ನನ್ನು ನೋಡಿದ. ಬೈಯುವ ನೋಟವಲ್ಲ ಅದು, ಕುಂಸಿಯಿಂದ ಬರುವಾಗ ಕಿಟಕಿಯಾಚೆ ಇಟ್ಟಿದ್ದ ಅದೇ ನೋಟ. ನಾನು ನಾಲಿಗೆ ಕಚ್ಚಿಕೊಂಡೆ, ಆದರೆ ಕಚ್ಚಿಕೊಳ್ಳುವ ಹೊತ್ತು ದಾಟಿಹೋಗಿತ್ತು.

ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಮಾ ಸೀರೆಯ ನೆರಿಗೆ ಹಿಡಿದುಕೊಂಡು ಸೀದಾ ಬಂದವಳೇ ಫ್ಯಾನಿನ ಸ್ವಿಚ್ಚು ಒತ್ತಿ ರೆಗ್ಯುಲೇಟರನ್ನು ಕೊನೆಯ ತನಕ ತಿರುಗಿಸಿದಳು. "ಏಯ್, ದೀಪ!" ಎಂದು ಅವಳ ತಾಯಿ ಕೂಗುವುದರೊಳಗೆ ದೀಪ ಆರಿತ್ತು. ದೀಪವಷ್ಟೇ ಅಲ್ಲ, ತಟ್ಟೆಯಲ್ಲಿದ್ದ ಕುಂಕುಮವೆಲ್ಲ ಎದ್ದು ಯಜಮಾನರ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ, ರುದ್ರಪ್ಪನವರ ಬೆವೆತ ಬೋಳುತಲೆಯ ಮೇಲೆ ಧಾರಾಳವಾಗಿ ಕೂತಿತು. ಸೇವಂತಿಗೆಯ ಎಸಳುಗಳು ಇಬ್ಬರ ಮೇಲೂ ಉದುರಿದವು. ಆ ಇಬ್ಬರಿಗೇ ಮದುವೆ ಮುಗಿದ ಹಾಗೆ ಕಾಣುತ್ತಿತ್ತು.

ದೀಪ ಆರಿದ್ದು ಅಪಶಕುನವೋ ಏನೋ ಎಂದು ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ಕಣ್ಣು ಮುಚ್ಚಿ, ಕತ್ತು ಎತ್ತಿ, ಸೆರಗು ಸಡಿಲಿಸಿ ಗಾಳಿಗೆ ಮುಖವೊಡ್ಡಿ ಕೂತಿದ್ದರು. "ಅಬ್ಬಾ ಶಿವನೇ" ಎಂದರು. ಆಮೇಲೆ, "ವೀರಭದ್ರನಿಗೂ ಸೆಕೆ ಆಗಿರುತ್ತೆ ಕಣ್ರೋ, ಉರಿಗಣ್ಣಿನ ದೇವರು. ತಿರುಗ್ಲಿ ಬಿಡು. ಏ ರುದ್ರಾ, ತಟ್ಟೆ ಯಾಕ್ ಅಪ್ಕೊಂಡ್ ಕೂತಿದೀಯ? ಆ ಕಡೆ ಕೊಡು. ಹುಡುಗಿ ಗಟ್ಟಿಗಿತ್ತಿ ಅಂತ ಅವರಿಗೂ ಗೊತ್ತಾಯ್ತು, ಆ ಮನೇಲಿ ಬಾಳ್ತಾಳೆ" ಎಂದರು. ಮೊದಲು ನಕ್ಕಿದ್ದು ನಮ್ಮ ಯಜಮಾನರು. ಆಮೇಲೆ ರುದ್ರಪ್ಪನವರು ತಲೆ ಸವರಿಕೊಂಡು ಕೆಂಪಾದ ಅಂಗೈ ನೋಡಿಕೊಂಡು ನಕ್ಕರು. ಅಂತೂ ಎಲೆಅಡಿಕೆ ಬದಲಾಯಿತು. ಆರಿದ ದೀಪವನ್ನು ಫ್ಯಾನಿನ ಗಾಳಿ ತಾಗದ ಅಡಿಗೆಮನೆಯ ಕಟ್ಟೆಯ ಮೇಲಿಟ್ಟು ಮತ್ತೆ ಹಚ್ಚಿದರು. ಇಷ್ಟು ಸುಲಭದ ಉಪಾಯ ಅಲ್ಲಿಯವರೆಗೆ ಯಾರ ತಲೆಗೂ ಹೊಳೆದಿರಲಿಲ್ಲ.

ಹೊರಡುವಾಗ ರುದ್ರಪ್ಪನವರು, "ಮದುವೆ ದೀಪಾವಳಿ ಕಳೆದ ಮೇಲೆ ಇಟ್ಕೊಳ್ಳಣ. ಬೇಸಿಗೇಲಿ ಬೇಡ. ನಿಮ್ ಕಡೆ ಒಬ್ರಿಗೆ ಸೆಕೆ ತಡಿಯಲ್ಲ" ಎಂದರು. ನಾನು ಮರ್ಮ ಬಲ್ಲವಳಂತೆ ಯಜಮಾನರ ಕಡೆ ನೋಡಿ, "ಹೌದು ಅಣ್ಣಾ, ಏನು ಮಾಡೋದು, ಕಟ್ಕೊಂಡಿದೀನಿ" ಎಂದೆ. ಅಲ್ಲಿದ್ದವರೆಲ್ಲ ಯಾಕೋ ನೆಲ ನೋಡಿದರು. ಕಾರು ತುಂಗೆಯ ಸೇತುವೆ ದಾಟಿದ ಮೇಲೆ ಉಮೇಶ ಮೆಲ್ಲಗೆ, "ಅಕ್ಕಾ, ಸುಮಾ ಮೆಸೇಜ್ ಮಾಡಿದಾಳೆ. ಅವರ ಮನೇಲಿ ಎಲ್ಲರಿಗೂ ಭಾವ ತುಂಬ ಇಷ್ಟ ಆದ್ರಂತೆ. ಎಂಥಾ ಸಮಾಧಾನದ ಮನುಷ್ಯ, ಪಾಪ, ಹೇಗೆ ಸಂಸಾರ ಮಾಡ್ತಾರೋ ಅಂತ ಅಜ್ಜಿ ಮರುಗಿದ್ರಂತೆ" ಎಂದ. ಯಜಮಾನರು "ಸಂತೋಷ" ಎಂದರು.

ಅದಾಗಿ ಮೂರು ವಾರವಾಯಿತು, ಮಳೆಯ ಸುಳಿವಿಲ್ಲ. ಈ ಪ್ರಬಂಧವನ್ನು ನಾನು ಪೂರ್ತಿ ಶಾಂತವಾಗಿ, ಮನಸ್ಸಿನಲ್ಲಿ ಯಾರ ಮೇಲೂ ಏನೂ ಇಟ್ಟುಕೊಳ್ಳದೆ ಬರೆದಿದ್ದೇನೆ. ಅಜ್ಜಿ ಹಾಗೆ ಅಂದಿದ್ದು ನನಗೆ ಚೂರೂ ಬೇಸರವಾಗಿಲ್ಲ. ಇಪ್ಪತ್ತೆರಡು ವರ್ಷ ಆ ಮನುಷ್ಯನ ರೇಗಾಟ ಸಹಿಸಿದವಳು ನಾನು, ಒಂದೇ ಒಂದು ಮಧ್ಯಾಹ್ನ ಬಾಯಿಬಿಟ್ಟಿದ್ದಕ್ಕೆ ಸಮಾಧಾನದ ಮನುಷ್ಯ ಎಂಬ ಬಿರುದು ಅವರಿಗೆ, ನನಗೆ ಮಾತ್ರ ದೀಪಾವಳಿ ತನಕ ಕಾಯುವ ಶಿಕ್ಷೆ, ಇದು ಯಾವ ಊರಿನ ನ್ಯಾಯ ಎಂದು ನಾನು ಕೇಳುತ್ತಿಲ್ಲ, ಕೇಳುವುದೂ ಇಲ್ಲ, ಏಕೆಂದರೆ ಭದ್ರಾವತಿಯ ಸೆಕೆ

ನಡುಮನೆಯಿಂದ ಯಾರೋ ಕೆಮ್ಮಿದರು. ಬಾಗಿಲಲ್ಲಿ ಯಜಮಾನರು ನಿಂತಿದ್ದಾರೆ, ಕೈಯಲ್ಲಿ ಕಾಮಕಸ್ತೂರಿಯ ಲೋಟ. ಕುಡಿದು ಬರುತ್ತೇನೆ.