ಷಡ್ಡಕರ ಗಲ್ಲ, ನನ್ನ ರೆಪ್ಪೆ

ಬೇರೆಯವರ ಬಂಗಾರ ಕಂಡು ಹೊಟ್ಟೆ ಉರಿಸಿಕೊಳ್ಳುವವರನ್ನು ನೀವು ನೋಡಿರುತ್ತೀರಿ. ಬೇರೆಯವರ ರೋಗ ಕಂಡು ಉರಿಸಿಕೊಂಡವನು ಸೊಲ್ಲಾಪುರದ ಪೇಟೆಯಲ್ಲಿ ನಾನೊಬ್ಬನೇ ಇರಬೇಕು. ನನ್ನ ಸೀರೆ ಅಂಗಡಿ ಚೆನ್ನಾಗಿ ನಡೆಯುತ್ತಿದ್ದ ಕಾಲ ಅದು. ಎರಡು ವಾರದಿಂದ ಎಡಗಣ್ಣಿನ ರೆಪ್ಪೆ ಪಟಪಟ ಹಾರುತ್ತಿತ್ತು. ಹೆಂಡತಿ ಶಾಂತವ್ವನಿಗೆ ಹೇಳಿದರೆ ರೊಟ್ಟಿ ಬಡಿಯುವುದನ್ನೂ ನಿಲ್ಲಿಸದೆ, "ಗಂಡಸರಿಗೆ ಎಡಗಣ್ಣು ಹಾರಬಾರದ್ರಿ. ದೇವರಿಗೆ ಕೈ ಮುಗೀರಿ" ಅಂದಳು. ನನಗೆ ಸಿಕ್ಕ ಔಷಧೋಪಚಾರ ಅಷ್ಟೇ.

ಅಷ್ಟರಲ್ಲಿ ಅಕ್ಕಲಕೋಟೆಯಿಂದ ನನ್ನ ಷಡ್ಡಕ, ಅಂದರೆ ಅವಳ ಅಕ್ಕನ ಗಂಡ ಗುರುಪಾದಪ್ಪನವರು, ಡಾಕ್ಟರಿಗೆ ತೋರಿಸಲು ಬಂದಿಳಿದರು. ಹೊಲ, ಮೀಸೆ, ಮಾತು ಎಲ್ಲದರಲ್ಲೂ ಅವರು ನನಗಿಂತ ಒಂದು ಕೈ ಮೇಲೆ. ಹಾರುವುದರಲ್ಲೂ ಮೇಲೆಯೇ! ಬಲಗಣ್ಣು ತಾನಾಗಿ ಮುಚ್ಚಿ, ಗಲ್ಲ ಸೆಳೆದು, ತುಟಿಯ ಅಂಚು ಕಿವಿಯ ಕಡೆ ಓಡುತ್ತಿತ್ತು. "ಅಯ್ಯ, ನಮ್ಮ ಭಾವಾರ ಮಾರಿ ಹಿಂಗ್ಯಾಕಾತು!" ಎಂದು ಶಾಂತವ್ವ ಕಣ್ಣೀರು ತಂದಳು. ಬಿಸಿ ಹಾಲು, ಹೋಳಿಗೆ ಅವರ ಪಾಲಾದವು. ನನ್ನ ತಲೆದಿಂಬೂ ಹೋಯಿತು.

ಮರುದಿನ ಮುಂಜಾನೆ ನಾನೂ ಅವರ ಜೊತೆ ಡಾಕ್ಟರ ಮುಂದೆ ಕೂತೆ. ಡಾಕ್ಟರು ಅವರ ಮುಖವನ್ನು ಬಹಳ ಹೊತ್ತು ಒತ್ತಿ, ಸವರಿ, ನಗಿಸಿ ನೋಡಿದರು. "ಮಿದುಳಿನಿಂದ ಮಾರಿಗೆ ಬರೋ ನರ ಕೆರಳ್ಯದ. ಜೀವಕ್ಕ ಧಕ್ಕಿ ಇಲ್ಲ, ಆದ್ರ ಪೂರ್ತಿ ಹೋಗೂದು ಕಷ್ಟ ಅದ." ಮಿದುಳು! ಎಂಥ ದೊಡ್ಡ ಮಾತು! ನಾನು ಆಸೆಯಿಂದ ನನ್ನ ಕಣ್ಣನ್ನು ಮುಂದೆ ಚಾಚಿದೆ. ಅವರು ಒಂದೇ ಸಲ ನೋಡಿ, "ದಿನಾ ಎಷ್ಟು ಚಹಾ?" ಎಂದರು.

"ಹನ್ನೆರಡು ಆಗಬಹುದ್ರಿ."

"ಎರಡು ಕುಡೀರಿ. ನೆಟ್ಟಗ ನಿದ್ದಿ ಮಾಡ್ರಿ, ಹೋಗ್ತದ."

ನನ್ನ ರೋಗಕ್ಕೆ ಅವರೊಂದು ಹೆಸರನ್ನೂ ಕೊಡಲಿಲ್ಲ.

ಮಧ್ಯಾಹ್ನ ಷಡ್ಡಕರನ್ನು ರೈಲಿಗೆ ಬಿಡಲು ಹೋದೆ. ಸ್ಟೇಶನ್ನಿನಲ್ಲಿ ಎದುರು ಕೂತ ಹೆಣ್ಣುಮಗಳು ಸಿಟ್ಟಿನಿಂದ ಸೆರಗೆಳೆದು ಎದ್ದುಹೋದಳು. ಅವರು ರುಮಾಲಿನ ತುದಿಯಿಂದ ಮುಖ ಮುಚ್ಚಿಕೊಂಡರು.

"ನೋಡಿದ್ಯಾ ತಮ್ಮಾ? ನಾ ಕಣ್ಣು ಹೊಡದೆ ಅಂತ ತಿಳ್ಕೊಂಡ್ಳು. ಸಂತಿಗೆ ಹೋಗೂದ ಬಿಟ್ಟೀನಿ. ಮೊನ್ನೆ ಕಾಕಾನ ಹೆಣದ ಮುಂದ ನಿಂತಾಗ ತುಟಿ ಎಳೀತು. ನಕ್ಕೆ ಅಂತ ಅವನ ಮಕ್ಕಳು ಮಾತು ಬಿಟ್ಟಾರ." ಅವರು ನನ್ನ ಎಡಗಣ್ಣನ್ನೇ ನೋಡಿದರು. "ನಿಂದು ಚಹಾ ಬಿಟ್ರ ಹೋಗ್ತದ. ಖರೇ ಹೇಳ್ತೀನಿ, ನಿನ್ನ ಕಂಡ್ರ ಹೊಟ್ಟಿಕಿಚ್ಚು ಆಗ್ತದ."

ನಾನು ಅವರ ಕೈ ಹಿಡಿದುಕೊಂಡೆ. ಕರುಳು ಚುರುಕ್ ಎಂದದ್ದು ಸುಳ್ಳಲ್ಲ. ಆದರೆ ಹದಿನೈದು ವರ್ಷದಲ್ಲಿ ಮೊದಲ ಸಲ ಗುರುಪಾದಪ್ಪನವರು ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದರು! ಟಾಂಗಾ ಹಿಡಿಯದೆ, ಬಿಸಿಲಲ್ಲಿ ಸಿಳ್ಳೆ ಹಾಕುತ್ತ ನಡೆದೇ ಮನೆಗೆ ಬಂದೆ.

"ಭಾವಾರು ಏನಂದ್ರು?" ಎಂದಳು ಶಾಂತವ್ವ.

"ಪಾಪ," ಅಂದೆ, "ನನ್ನ ಕಣ್ಣಿಂದ ಅವರಿಗೆ ಭಾಳ ಸಂಕಟ ಆಗೇದ."