ಮಾವ ಮಾಯ, ಅಳಿಯ ನಾಪತ್ತೆ

ಇಪ್ಪತ್ತು ವರ್ಷಗಳಿಂದ ನಾನು ಲಿಫ್ಟ್ ರಿಪೇರಿಯವನು. ಎಂಥೆಂಥ ಘನವಂತರನ್ನು ಮೇಲಕ್ಕೇರಿಸಿದ್ದೇನೆ, ಕೆಳಕ್ಕಿಳಿಸಿದ್ದೇನೆ! ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಕಿರುಚುತ್ತಿದ್ದವರನ್ನು ಕೈಹಿಡಿದು ಹೊರಗೆಳೆದಿದ್ದೇನೆ. ಇವತ್ತಿನವರೆಗೆ ಒಬ್ಬರೇ ಒಬ್ಬರನ್ನೂ ಕಳೆದುಕೊಂಡವನಲ್ಲ. ಇಂಥ ಉಜ್ವಲ ಚರಿತ್ರೆಯುಳ್ಳ ನಾನು ಒಬ್ಬ ಮಾವನನ್ನು ಸೈಕಲ್ ಮೇಲೆ ಸಮುದ್ರದವರೆಗೆ ಕರೆದುಕೊಂಡು ಹೋಗಿ ವಾಪಸ್ ಒಪ್ಪಿಸಲಾರೆನೇ?

"ಯೋಚನೇನೇ ಮಾಡ್ಬೇಡ ಕಣೇ," ಎಂದು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡಿದ್ದೆ. "ನಿಮ್ಮಪ್ಪನ್ನ ಹೇಗೆ ತಗೊಂಡು ಹೋಗ್ತೀನೋ ಹಾಗೇ ತಂದು ಇಳಿಸ್ತೀನಿ. ಒಂದು ಗೀರೂ ಬಿದ್ದಿರಲ್ಲ!"

"ನಮ್ಮಪ್ಪ ಏನು ಫ್ರಿಜ್ಜಾ?" ಎಂದಳು ಅವಳು.

ನನ್ನ ಹೆಂಡತಿ ವಿಮಾ ಕಂಪನಿಯೊಂದರಲ್ಲಿ ಕ್ಲೇಮು ಪರಿಶೀಲಿಸುವ ಅಧಿಕಾರಿ. "ನಿಂತಿದ್ದ ನನ್ನ ಕಾರಿಗೆ ಮರವೇ ಬಂದು ಗುದ್ದಿತು" ಎಂಬಂಥ ಅರ್ಜಿಗಳನ್ನು ದಿನವಿಡೀ ಓದಿ, ಅಕ್ಕಿಯಿಂದ ಕಲ್ಲು ಆರಿಸುವಂತೆ ಸುಳ್ಳುಗಳನ್ನು ಆರಿಸಿ ಬದಿಗಿಡುವವಳು. ಅವಳ ಅಪ್ಪ, ಅಂದರೆ ನಮ್ಮ ಮಾವನವರು, ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಪ್ರಕಟಣೆ ಹೇಳುತ್ತಿದ್ದವರು. "ಸಮುದ್ರತೀರಕ್ಕೆ ಹೋಗುವ ಗಾಡಿ ಇನ್ನು ಕೆಲವೇ ನಿಮಿಷಗಳಲ್ಲಿ ಹೊರಡಲಿದೆ" ಎಂದು ಜೀವಮಾನವಿಡೀ ಕೂಗಿ ಊರಿಗೆ ಊರನ್ನೇ ಸಮುದ್ರಕ್ಕೆ ಸಾಗಿಸಿದ ಮಹಾನುಭಾವರು. ತಾವು ಮಾತ್ರ ಹೋಗಿರಲಿಲ್ಲ. ಎಪ್ಪತ್ತು ತುಂಬಿದ ದಿನ ಇದ್ದಕ್ಕಿದ್ದಂತೆ, "ನಾನೂ ಸಮುದ್ರ ನೋಡ್ಬೇಕು. ಹೋದ್ರೆ ಸೈಕಲ್ಲಲ್ಲೇ ಹೋಗೋದು. ಗಾಡಿ ಎಷ್ಟೊತ್ತಿಗೆ ಹೊರಡುತ್ತೆ ಅಂತ ಇನ್ನು ನಾನೇ ಹೇಳ್ಬೇಕು!" ಎಂದುಬಿಟ್ಟರು.

ಹಾಗೆ ಹೊರಟ ನಮ್ಮ ಪ್ರವಾಸದ ಮೂರನೆಯ ದಿನದ ಕಥೆ ಇದು. ಸಂಜೆಗೆ ನದಿ ದಡದ ವಸತಿಗೃಹ ಸೇರಿಬಿಟ್ಟರೆ ಮಾರನೆಯ ದಿನವೇ ಸಮುದ್ರ.

ಮಾವನಿಗೂ ನನಗೂ ಜಗಳವಿಲ್ಲ. ಮಾತೂ ಇಲ್ಲ. ಮದುವೆಯಾದ ಇಷ್ಟು ವರ್ಷಗಳಲ್ಲಿ ನಮ್ಮ ನಡುವೆ ನಡೆದ ಸಂಭಾಷಣೆಯೆಲ್ಲ "ಬಂದ್ರಾ?" "ಬಂದೆ." "ಹೊರಟ್ರಾ?" "ಹೊರಟೆ." ಇಷ್ಟೇ. ಆದರೆ ದಾರಿಹೋಕರ ವಿಷಯದಲ್ಲಿ ಮಾವ ಬೇರೆಯೇ ಮನುಷ್ಯ. ಬೇಲಿ ಕಟ್ಟುವವನು ಕಂಡರೆ ಬ್ರೇಕು. ಬಾವಿಯ ಮೋಟಾರು ಬಿಚ್ಚಿ ಕೂತವನು ಕಂಡರೆ ಬ್ರೇಕು. ಮಾತಿಗೆ ಯಾರೂ ಸಿಗದಿದ್ದರೆ ಎಮ್ಮೆಗಾದರೂ ಬ್ರೇಕು! ಸಾಲದ್ದಕ್ಕೆ ಸೈಕಲ್ ತುಳಿಯುತ್ತಲೇ ಫೋನಿನಲ್ಲಿ ಹರಟೆ. ಬೆಳಿಗ್ಗೆ ನಾನು ಅಧಿಕಾರವಾಣಿಯಿಂದ, "ಮಾವ, ಫೋನು ಇಲ್ಲಿ ಕೊಡಿ. ಬಿದ್ದುಗಿದ್ದುಬಿಟ್ಟೀರಿ," ಎಂದು ಅದನ್ನು ಕಸಿದು ನನ್ನ ಹ್ಯಾಂಡಲ್ ಚೀಲಕ್ಕೆ ಹಾಕಿಕೊಂಡಿದ್ದೆ. ಎಂಥ ದೂರದೃಷ್ಟಿ ನನ್ನದು!

ಹತ್ತು ಗಂಟೆಯ ಹೊತ್ತಿಗೆ ಒಂದು ಮನೆಯ ಮುಂದೆ ಹೆಂಗಸೊಬ್ಬರು ಗೇಟಿಗೆ ನೀಲಿ ಬಣ್ಣ ಬಳಿಯುತ್ತಿದ್ದರು. ಮಾವ ಬ್ರೇಕು ಹಾಕಿದರು. ಮುಂದೆ ರಸ್ತೆ ಇಳಿಜಾರಾಗಿ, ಎರಡೂ ಬದಿ ಹಸಿರು ಹೊಲ ಹರಡಿಕೊಂಡು, ತಂಗಾಳಿ ಬೀಸುತ್ತಿತ್ತು. ನಾನು ಬ್ರೇಕು ಬಿಟ್ಟೆ. ಒಮ್ಮೆ ಕೈಯನ್ನೂ ಬಿಟ್ಟೆ! ನಲವತ್ತೈದರ ಮೈಯಲ್ಲಿ ಹದಿನೈದರ ಪೋರ ಎದ್ದು ಕೂತು "ಹೋ" ಎಂದು ಕೂಗಿದ. ಇಳಿಜಾರಿನ ಕೊನೆಗೆ ದಾರಿ ಎರಡಾಗುತ್ತಿತ್ತು. ಅಲ್ಲಿಯೂ ನಿಲ್ಲದೆ ಎಡಕ್ಕೆ ಹಾರಿ, ಒಂದು ಮರದ ಕೆಳಗೆ ಕಾಲು ಚಾಚಿ ಕೂತೆ. ಮಾವ ಬರಲಿಲ್ಲ. ಬಾಟಲಿಯ ನೀರು ಮುಗಿಸಿದೆ. ಮಾವ ಬರಲಿಲ್ಲ. ಏದುಸಿರು ಬಿಡುತ್ತ ಏರು ಹತ್ತಿ ನೀಲಿ ಗೇಟಿಗೆ ವಾಪಸ್ ಹೋದೆ.

ಮಾವ ಮಾಯ!

ಗೇಟಿನ ಹೆಂಗಸು ಬ್ರಷ್ ಹಿಡಿದು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. "ಕೆಂಪು ಹೆಲ್ಮೆಟ್ಟು, ಸ್ವಲ್ಪ ಹೊಟ್ಟೆ. ಕಳೆದುಹೋದ ಅಳಿಯ ನೀವೇನಾ?"

"ಕಳೆದುಹೋದೋನು ನಾನಲ್ಲ! ಅವರು!"

"ಅವರೂ ಹಾಗೇ ಹೇಳಿದ್ರು. ಪಾಪ, ಬಾಯಿಪಾಠ ಇರೋದು ಮನೆ ನಂಬರೊಂದೇ ಅಂತೆ, ಗಾಬರಿಯಾಗಿ ನನ್ನ ಫೋನಲ್ಲಿ ಮನೆಗೊಂದು ಮಾತು ಹೇಳಿ, ನಿಮ್ಮನ್ನ ಹುಡುಕ್ಕೊಂಡು ಕೆಳಗಡೆ ಬಲಕ್ಕೆ ತಿರುಗಿ ಹೋದ್ರು."

ನಾನಿದ್ದದ್ದು ಎಡಕ್ಕೆ. ಮನೆಗೆ ಹೇಳಿದ್ದು ಯಾವ ಮಾತೋ ಎಂದು ವಿಚಾರಿಸುವ ಬುದ್ಧಿಯಾದರೂ ಬರಬೇಡವೇ? ಆ ಹೊತ್ತಿಗೆ ಸರಿಯಾಗಿ ನನ್ನ ಚೀಲದೊಳಗೆ ಮಾವನ ಫೋನು ಹೊಡೆದುಕೊಳ್ಳತೊಡಗಿತು. ನೋಡಿದರೆ 'ಮಗಳು'! ಗಾಬರಿಯಲ್ಲಿ ಹಸಿರು ಗುಂಡಿ ಒತ್ತಿಯೇಬಿಟ್ಟೆ.

"ಅಪ್ಪ?"

"ನಾನು ಕಣೇ."

"ಅಪ್ಪನ ಫೋನು ನಿಮ್ಮ ಕೈಯಲ್ಲಿ? ಅಪ್ಪ ಎಲ್ಲಿ?"

"ಇಲ್ಲೇ... ಸ್ನಾನ ಮಾಡ್ತಿದ್ದಾರೆ."

"ನಡುರಸ್ತೇಲಿ?"

"ಕೆರೇಲಿ!"

"ಅಪ್ಪಂಗೆ ಈಜು ಬರಲ್ಲ."

"ಕೆರೆ ಅಂದ್ರೆ ಅಂಥ ಕೆರೆ ಅಲ್ಲ ಕಣೇ. ಮೊಣಕಾಲವರೆಗೂ ನೀರಿಲ್ಲ."

"ಮೊಣಕಾಲಷ್ಟೂ ಇಲ್ಲದ ನೀರಲ್ಲಿ ಸ್ನಾನ ಹೇಗೆ ಮಾಡ್ತಾರೆ?"

"ಮಲಗಿಕೊಂಡು!"

"ಸರಿ," ಎಂದಳು. ಆ 'ಸರಿ'ಯನ್ನು ಕೇಳಿ ಎಷ್ಟು ಕ್ಲೇಮುದಾರರ ಎದೆ ಒಡೆದಿದೆಯೋ! ಗೇಟಿನ ಹೆಂಗಸು ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದಿ, ನನ್ನ ಕಡೆ ನೋಡದೆ ಬಣ್ಣ ಬಳಿಯತೊಡಗಿದರು.

ಬಲಗಡೆಯ ದಾರಿ ಹಿಡಿದು ತುಳಿದೆ. ತುಳಿದೆ ಎನ್ನುವುದಕ್ಕಿಂತ ಒದ್ದೆ ಎನ್ನಬೇಕು. ಬಿಸಿಲು ಏರುತ್ತಿತ್ತು. ಎಪ್ಪತ್ತರ ಮುದುಕ, ಕೈಯಲ್ಲಿ ಫೋನಿಲ್ಲ, ಗೊತ್ತಿಲ್ಲದ ದಾರಿ. ಎಲ್ಲಾದರೂ ಬಿದ್ದಿದ್ದರೆ? ಈ ಅಳಿಯ ಉಳಿಯಬೇಕಾದರೆ ಆ ಮಾವ ಸಿಗಲೇಬೇಕು!

ಆಗ ಹೊಲಗಳ ಆಚೆಯಿಂದ, ಆಕಾಶವಾಣಿಯೋ ಎಂಬಂತೆ, ಒಂದು ಗಂಭೀರ ಕಂಠ ತೇಲಿಬಂತು.

"ದಯವಿಟ್ಟು ಗಮನಿಸಿ! ಕೆಂಪು ಹೆಲ್ಮೆಟ್ ಧರಿಸಿರುವ, ಸುಮಾರು ನಲವತ್ತೈದು ವರ್ಷದ, ತುಸು ಬೊಜ್ಜಿನ ಅಳಿಯ ಬೆಳಗಿನಿಂದ ತಡವಾಗಿ ಚಲಿಸುತ್ತಿದ್ದಾರೆ. ಕಂಡವರು ಕೂಡಲೇ ಶಾಲಾ ಮೈದಾನಕ್ಕೆ ತಲುಪಿಸಬೇಕಾಗಿ ವಿನಂತಿ. ಆಗುತ್ತಿರುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ!"

ಮಾವನ ದನಿ! ಜೀವ ಬಂದಂತಾಗಿ ಹೊಲದ ಬದುವಿನ ಮೇಲೆಯೇ ಸೈಕಲ್ ಇಳಿಸಿದೆ. ಬದು ಮುಗಿಯಿತು, ಕಾಲುವೆ ಬಂತು, ಕಾಲುವೆಯೊಳಗೆ ನಾನು ಬಂದೆ. ಎದ್ದು ನೋಡಿದರೆ ಸೈಕಲ್ಲಿನ ಚೈನು ಎರಡು ತುಂಡು. ಮಂಡಿಯವರೆಗೆ ಕೆಸರು ಮೆತ್ತಿಕೊಂಡು, ಸೈಕಲ್ಲನ್ನು ದರದರ ಎಳೆದುಕೊಂಡು ಮೈದಾನ ಸೇರಿದೆ. ಮಕ್ಕಳ ಓಟದ ಸ್ಪರ್ಧೆ ನಡೆಯುತ್ತಿತ್ತು. ನನ್ನನ್ನು ಕಂಡದ್ದೇ ಇಡೀ ಶಾಲೆ, "ಅಳಿಯ ಸಿಕ್ಕಿದ್ರು! ಅಳಿಯ ಸಿಕ್ಕಿದ್ರು!" ಎಂದು ಚಪ್ಪಾಳೆ ತಟ್ಟಿತು. ಓಡುತ್ತಿದ್ದವರೂ ನಿಂತು ತಟ್ಟಿದರು.

"ಮಾವ ಎಲ್ಲಿ?" ಎಂದೆ ಡ್ರಿಲ್ ಮೇಷ್ಟ್ರನ್ನು.

"ಇಷ್ಟೊತ್ತು ಇಲ್ಲೇ ಇದ್ರು. ನೀವು ಬರ್ಲಿಲ್ಲ ಅಂತ ಯಾರದೋ ಟ್ರ್ಯಾಕ್ಟರ್ ಹತ್ತಿ ಹುಡುಕೋಕೆ ಹೋದ್ರು. ಏನು ಸಾರ್ ನೀವು, ದೊಡ್ಡೋರನ್ನ ಹೀಗೆ ಅಲೆಸ್ತೀರಲ್ಲ!"

ಚೀಲ ಮತ್ತೆ ಹೊಡೆದುಕೊಂಡಿತು.

"ಅಪ್ಪ ಕೆರೆಯಿಂದ ಎದ್ರಾ?"

"ಎದ್ದು... ಮಲಗಿದ್ದಾರೆ."

"ಮತ್ತೆ ನೀರಲ್ಲಾ?"

"ಇಲ್ಲ ಕಣೇ, ನೆರಳಲ್ಲಿ. ಒಳ್ಳೇ ಗಾಢ ನಿದ್ದೆ. ಗೊರಕೆ!"

"ಪಾಪ, ಸುಸ್ತಾಗಿರ್ಬೇಕು. ಎಲ್ಲಿ, ಸ್ವಲ್ಪ ಕೇಳಿಸಿ."

ಏನು ಮಾಡಲಿ? ಫೋನನ್ನು ತೋಳುದ್ದ ಹಿಡಿದು, ಕಣ್ಣು ಮುಚ್ಚಿ, ಹೊಟ್ಟೆಯಾಳದಿಂದ ಮಾವನ ಘನತೆಗೆ ತಕ್ಕ ಗೊರಕೆಯೊಂದನ್ನು ಹೊಡೆದೆ. ಕಣ್ಣು ಬಿಟ್ಟರೆ ಡ್ರಿಲ್ ಮೇಷ್ಟ್ರು ಬಾಯಿಂದ ಜಾರಿದ ಸೀಟಿಯನ್ನು ಹಿಡಿಯುವುದನ್ನೂ ಮರೆತು ನನ್ನನ್ನೇ ನೋಡುತ್ತಿದ್ದರು.

"ಚೆನ್ನಾಗಿದೆ," ಎಂದಳು ಹೆಂಡತಿ. "ನೋಡಿ, ಎಲ್ಲೂ ಸುತ್ತಬೇಡಿ. ಎದ್ದ ತಕ್ಷಣ ನೆಟ್ಟಗೆ ವಸತಿಗೃಹಕ್ಕೆ ಹೋಗಿ. ಆರು ಗಂಟೆಗೆ ಅಲ್ಲಿಗೇ ಫೋನ್ ಮಾಡ್ತೀನಿ. ಆಗ ಅಪ್ಪ ಎದ್ದಿರ್ಬೇಕು. ಮಾತಾಡ್ಬೇಕು."

ಆರು ಗಂಟೆಯೊಳಗೆ ಮಾವನನ್ನು ಎಲ್ಲಿಂದ ತರಲಿ? ಶಾಲೆಯ ಗೇಟಿನ ಮುಂದೆ ಹಾಲಿನ ವ್ಯಾನು ಹೊರಡಲು ಗುರುಗುಟ್ಟುತ್ತಿತ್ತು. ಒಳಗೆಲ್ಲ ಕ್ಯಾನುಗಳು. "ನದಿ ದಡಕ್ಕೇ ಹೋಗೋದು, ಒಬ್ಬರಿಗಾದ್ರೆ ಜಾಗ ಇದೆ, ಬೇಗ ಹತ್ತಿ!" ಎಂದ ಚಾಲಕ. ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ "ಮಾವಾ! ಮಾವಾ!" ಎಂದು ಕೂಗಿದೆ. ಹಾಲು ಹಾಕಲು ನಿಂತವರೆಲ್ಲ, "ಬೆಳಿಗ್ಗೆಯಿಂದ ಅವರು ಅಳಿಯಾ ಅಂತಾರೆ, ಈಗ ಇವರು ಮಾವಾ ಅಂತಾರೆ. ಇವರ ಮನೆಯವರಾದ್ರೂ ಎಲ್ಲಿದ್ದಾರೋ!" ಎಂದು ನಕ್ಕರು. ಕ್ಯಾನಿನ ಮುಚ್ಚಳಗಳು ಅವರ ಜೊತೆ ಸೇರಿ ಕಿಲಕಿಲ ಕುಣಿದವು. ಅಂಗಡಿ ಅಂಗಡಿಯಲ್ಲೂ ಇಳಿದು ಕೇಳಿದೆ. ಎಲ್ಲ ಕಡೆಯೂ ಮಾವ ಈಗ ತಾನೇ ಬಂದು ಹೋಗಿದ್ದರು!

ಆರಕ್ಕೆ ಕೆಲವೇ ನಿಮಿಷವಿರುವಾಗ ವ್ಯಾನು ನನ್ನನ್ನು ವಸತಿಗೃಹದ ಮುಂದೆ ಉದುರಿಸಿತು. ಮೆಟ್ಟಿಲ ಮೇಲೆ ತಲೆ ಹಿಡಿದು ಕೂತೆ. ಹೆಂಡತಿಗೆ ನಿಜ ಹೇಳುವ ವಾಕ್ಯವನ್ನು ಜೋಡಿಸತೊಡಗಿದೆ. 'ನಿಮ್ಮಪ್ಪ...' ಎಂದು ಶುರುಮಾಡಿ, ಅದನ್ನು ಬಿಟ್ಟು 'ನಮ್ಮ ಮಾವ...' ಎಂದು ಮತ್ತೆ ಶುರುಮಾಡಿದೆ.

ಅಷ್ಟರಲ್ಲಿ ಎದುರು ದಿಕ್ಕಿನಿಂದ ಒಂದು ಟ್ರ್ಯಾಕ್ಟರು ಬಂತು. ಹಿಂದೆ ಎಲೆಕೋಸಿನ ರಾಶಿ. ರಾಶಿಯ ತುದಿಯಲ್ಲಿ, ಸಿಂಹಾಸನದ ಮೇಲೆ ಕೂತಂತೆ, ನಮ್ಮ ಮಾವ! ನನ್ನನ್ನು ನೋಡಿದ್ದೇ ಎಲೆಕೋಸುಗಳ ಜೊತೆಗೇ ಉರುಳಿಕೊಂಡು ಇಳಿದರು.

"ಅಳಿಯಂದ್ರೇ!"

"ಮಾವ!"

ಕೆಸರು ಮೆತ್ತಿದ ನಾನು, ಎಲೆ ಮೆತ್ತಿದ ಅವರು, ನಡುರಸ್ತೆಯಲ್ಲಿ ಗಟ್ಟಿಯಾಗಿ ತಬ್ಬಿಕೊಂಡೆವು. ಮಾವನ ಕಣ್ಣು ಒದ್ದೆಯಾಗಿತ್ತು. "ಎಲ್ಲಿ ಬಿದ್ದಿದ್ದೀರೋ ಅಂತ ಎಷ್ಟು ಹೆದರಿದ್ದೆ ಗೊತ್ತಾ? 'ಅವರು ಇಳಿಜಾರು ಕಂಡ್ರೆ ಹುಚ್ಚರಾಗ್ತಾರೆ, ಸ್ವಲ್ಪ ಕಣ್ಣಿಟ್ಟಿರಿ ಅಪ್ಪ' ಅಂತ ಮಗಳು ನನಗೆ ಹೇಳಿ ಕಳಿಸಿದ್ಲು."

"ನಿಮಗೆ ಹೇಳಿ ಕಳಿಸಿದ್ಲಾ? ನನಗಲ್ವಾ ಹೇಳಿದ್ದು!"

"ಅದಿರ್ಲಿ ಅಳಿಯಂದ್ರೇ," ಮಾವ ದನಿ ತಗ್ಗಿಸಿದರು. ಆ ಕಂಠ ತಗ್ಗುತ್ತದೆಂದೇ ನನಗೆ ಗೊತ್ತಿರಲಿಲ್ಲ. "ನೀವು ಕಳೆದುಹೋದ ವಿಷಯ ಅವಳಿಗೆ ಹೇಳಿಲ್ಲ. ಅವರಿವರ ಫೋನಿಂದ ಮಾತಾಡಿ ಸಂಭಾಳಿಸಿದ್ದೀನಿ. ನೀವೂ ಬಾಯಿ ಬಿಡ್ಬೇಡಿ."

"ನಾನೂ ಹೇಳಿಲ್ಲ ಮಾವ!"

ಇಬ್ಬರೂ ಸೇರಿ ಒಂದೇ ಕಥೆ ಕಟ್ಟಿದೆವು. ಇಡೀ ದಿನ ಜೊತೆಯಲ್ಲೇ ಇದ್ದೆವು. ನಿಧಾನವಾಗಿ ಬಂದೆವು. ಗಾಳಿ ಚೆನ್ನಾಗಿತ್ತು. ಅಷ್ಟರಲ್ಲಿ ವಸತಿಗೃಹದ ಒಡತಿ ತಮ್ಮ ಫೋನನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ, "ನಿಮಗೇ," ಎಂದರು.

"ಪ್ರಯಾಣ ಹೇಗಿತ್ತು?" ಎಂದಳು ಹೆಂಡತಿ.

"ಪರಮಸುಖ!" ಎಂದೆವು ಒಂದೇ ಉಸಿರಿಗೆ.

"ಜೊತೇಲೇ ಇದ್ರಾ?"

"ಒಂದು ಕ್ಷಣಾನೂ ಬಿಟ್ಟಿಲ್ಲ!"

"ಮಧ್ಯಾಹ್ನ ಏನು ತಿಂದ್ರಿ?"

"ಬ್ರೆಡ್ಡು," ಎಂದೆ ನಾನು.

"ಬಾಳೆಹಣ್ಣು," ಎಂದರು ಮಾವ.

"ಬ್ರೆಡ್ಡಿನ ಜೊತೆ ಬಾಳೆಹಣ್ಣು," ಎಂದು ನಾನು ತೇಪೆ ಹಾಕಿದೆ.

"ರೀ," ಎಂದಳು ಅವಳು. "ಬೆಳಿಗ್ಗೆ ಅಪ್ಪ ಯಾರದೋ ಫೋನಿಂದ ಮಾಡಿ, ಅಳಿಯಂದ್ರು ಪಕ್ಕದಲ್ಲೇ ಸ್ನಾನ ಮಾಡ್ತಿದ್ದಾರೆ ಅಂದ್ರು. ಆಮೇಲೆ ನೀವು, ಅಪ್ಪ ಸ್ನಾನ ಮಾಡ್ತಿದ್ದಾರೆ ಅಂದ್ರಿ. ಮಧ್ಯಾಹ್ನ ಅಪ್ಪ, ನೀವು ಮಲಗಿ ಗೊರಕೆ ಹೊಡೀತಿದ್ದೀರಿ ಅಂದ್ರು. ನೀವು ಅಪ್ಪನ ಗೊರಕೆ ಕೇಳಿಸಿದ್ರಿ. ಆ ಗೊರಕೆ ಯಾರದ್ದು ಅಂತ ನನಗೆ ಗೊತ್ತಾಗಲ್ವಾ? ಮದುವೆಯಾದಾಗಿಂದ ಪಕ್ಕದಲ್ಲೇ ಕೇಳ್ತಿದ್ದೀನಿ!"

ಮಾವ ನನ್ನ ಅಂಗಿಯ ಕೆಸರು ಕೊಡವತೊಡಗಿದರು. ನಾನು ಅವರ ಅಂಗಿಯ ಎಲೆ ಕೀಳತೊಡಗಿದೆ.

"ಇಬ್ಬರಿಗೂ ನೆಟ್ಟಗೆ ವಸತಿಗೃಹಕ್ಕೆ ಹೋಗಿ ಅಂತ ಹೇಳಿದ್ದು ಅದಕ್ಕೇ," ಎಂದಳು. ಅವಳ ದನಿ ಮೆತ್ತಗಾಯಿತು. "ಹೋಗ್ಲಿ ಬಿಡಿ. ನೀವಿಬ್ಬರೂ ಒಬ್ಬರಿಗೋಸ್ಕರ ಒಬ್ಬರು ಇಷ್ಟೊಂದು ಸುಳ್ಳು ಹೇಳ್ತೀರ ಅಂತ ನನಗೆ ಗೊತ್ತಿರ್ಲಿಲ್ಲ. ಕೇಳೋಕೆ ಖುಷಿಯಾಯ್ತು."

ಮಾವ ನನ್ನ ಬೆನ್ನ ಮೇಲೊಂದು ಕೊಟ್ಟರು. ಅಷ್ಟು ವರ್ಷಗಳ "ಬಂದ್ರಾ, ಹೊರಟ್ರಾ" ಒಂದೇ ಏಟಿಗೆ ಉದುರಿಹೋಯಿತು. "ಏನೇ ಆಗ್ಲಿ, ನಾಳೆ ಸಮುದ್ರ ಅಳಿಯಂದ್ರೇ! ಬೆಳಗಾಗುತ್ಲೂ ತುಳಿದುಬಿಡೋಣ!"

"ಈ ಸಲ ಅಕ್ಕಪಕ್ಕದಲ್ಲೇ ಮಾವ! ಚಕ್ರಕ್ಕೆ ಚಕ್ರ ತಾಗೋ ಹಾಗೆ!" ಎಂದು ಮೇಜು ಗುದ್ದಿದೆ.

"ಫೋನು ಒಡತಿಯವರಿಗೆ ಕೊಡಿ," ಎಂದಳು ಹೆಂಡತಿ.

ಒಡತಿ ಸ್ಪೀಕರ್ ಆರಿಸಿ ಫೋನನ್ನು ಕಿವಿಗಿಟ್ಟುಕೊಂಡರು. "ಹೂಂ ತಾಯಿ, ಇಬ್ಬರೂ ಇದ್ದಾರೆ... ಗಾಯ ಏನಿಲ್ಲ, ಕೊಳೆ ಇದೆ... ಬಿಸಿನೀರು ಕೊಡ್ತೀನಿ... ಏನು? ಇರಿ, ನೋಡ್ತೀನಿ." ಬಾಗಿಲಾಚೆ ಬಗ್ಗಿ ಅಂಗಳದ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಇಲ್ಲ ತಾಯಿ. ಒಂದೂ ಇಲ್ಲ."

ನಾನೂ ಮಾವನೂ ಮುಖ ಮುಖ ನೋಡಿಕೊಂಡೆವು. ಹಾಲಿನ ವ್ಯಾನಿನಲ್ಲಿ ಬಂದವನು ನಾನು. ಎಲೆಕೋಸಿನ ಮೇಲೆ ಬಂದವರು ಅವರು.

ಒಡತಿ ನಗು ತಡೆಯಲು ಸೆರಗನ್ನು ಬಾಯಿಗೊತ್ತಿಕೊಂಡು ನಮ್ಮತ್ತ ತಿರುಗಿದರು. "ನಿಮ್ಮ ಮನೆಯವರು ಕೇಳ್ತಿದ್ದಾರೆ, ನೀವಿಬ್ಬರೇನೋ ಬಂದು ಸೇರಿದ್ರಿ, ಸೈಕಲ್ಲುಗಳು ಯಾವ ಊರಿಗೆ ಪ್ರವಾಸ ಹೋಗಿವೆ ಅಂತ!"